ಬೆನ್ನ ಹಿಂದಿನ ತಾಳ

ಮಗ್ಗದ ಮನೆಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಕರೆದರೂ ಕೇಳುವುದಿಲ್ಲ. ನಾಲ್ಕು ಮಗ್ಗಗಳು ಒಟ್ಟಿಗೆ ಓಡುವಾಗ ಗೋಡೆ, ನೆಲ, ದೇವರ ಗೂಡಿನಲ್ಲಿಟ್ಟ ಕುಂಕುಮದ ಬಟ್ಟಲು ಎಲ್ಲವೂ ನಡುಗುತ್ತಿರುತ್ತವೆ. ಊಟಕ್ಕೆ ಕರೆಯಬೇಕಾದರೆ ಹತ್ತಿರ ಹೋಗಿ ಬೆನ್ನು ತಟ್ಟಬೇಕು. ಒಂದು ಸಲ ತಟ್ಟಿದರೆ ಊಟ, ಎರಡು ಸಲ ತಟ್ಟಿದರೆ ಯಾರೋ ಬಂದಿದ್ದಾರೆ. ತಟ್ಟದೆ, ಅಂಗೈಯನ್ನು ಸುಮ್ಮನೆ ಬೆನ್ನ ಮೇಲಿಟ್ಟು ನಿಂತರೆ, ನಾನು ಇಲ್ಲಿದ್ದೇನೆ ಎಂದಷ್ಟೇ ಅರ್ಥ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಮಕ್ಕಳು ಬಾಯಿಮಾತಿಗಿಂತ ಮೊದಲು ಬೆನ್ನಿನ ಮಾತು ಕಲಿಯುತ್ತಿದ್ದವು.

ದಾನಮ್ಮನ ಮಗಳು ಭುವಿ ಅದನ್ನು ಎಲ್ಲರಿಗಿಂತ ಆಳವಾಗಿ ಕಲಿತಳು. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದ ವಾರವೇ ದಾನಮ್ಮ ಮಗುವನ್ನು ಸೀರೆಯಲ್ಲಿ ಎದೆಗೆ ಕಟ್ಟಿಕೊಂಡು ಮಗ್ಗದ ಮುಂದೆ ನಿಂತಿದ್ದಳು. ಕಡಿದ ದಾರ ಗಂಟು ಹಾಕುವುದಕ್ಕೆ ಎರಡೂ ಕೈ ಬೇಕು, ಮಗುವಿಗೆ ಎದೆ ಸಾಕು. ಹುಡುಗಿ ದೊಡ್ಡವಳಾದ ಮೇಲೂ ಆ ರೂಢಿ ಬಿಡಲಿಲ್ಲ. ಉಣ್ಣುವಾಗ, ಬರೆಯುವಾಗ, ಮುನಿಸಿಕೊಂಡಾಗ ಕೂಡ ಅವ್ವನ ಎದೆಗೆ ಬೆನ್ನು ಹಚ್ಚಿಯೇ ಕೂತುಕೊಳ್ಳುತ್ತಿದ್ದಳು.

ಅದು ಕೈಪಟ್ಟಿಗಳ ಕಾಲ. ಊರೂರಲ್ಲೂ ಜನರ ಮಣಿಕಟ್ಟಿನ ಮೇಲೆ ಬೆರಳಗಲದ ಪಟ್ಟಿಯೊಂದು ಬಂದು ಕೂತು, ಉಸಿರು, ನಿದ್ದೆ, ಎದೆಬಡಿತ ಎಲ್ಲವನ್ನೂ ಎಣಿಸಿ ಎಲ್ಲಿಗೋ ಕಳಿಸುತ್ತಿತ್ತು. ನೇಕಾರರು ಮಾತ್ರ ಅದನ್ನು ಕಟ್ಟುತ್ತಿರಲಿಲ್ಲ. ಓಡುವ ಮಗ್ಗದ ಮುಂದೆ ಬಳೆಯನ್ನೇ ಮೊಣಕೈವರೆಗೆ ಸರಿಸಿಕೊಳ್ಳುವವರು, ದಾರಕ್ಕೆ ಸಿಕ್ಕಿ ಕೈಯನ್ನೇ ಎಳೆದೊಯ್ಯುವ ಪಟ್ಟಿಯನ್ನು ಕಟ್ಟಿಕೊಂಡಾರೇ? ಸರಕಾರ ಹಂಚಿದ ಪಟ್ಟಿಗಳು ಮನೆಮನೆಯಲ್ಲೂ ಕ್ಯಾಲೆಂಡರಿನ ಮೊಳೆಗೆ ನೇತಾಡುತ್ತಿದ್ದವು.

ಹಾಗಾಗಿ ದಾನಮ್ಮನ ಎದೆಯ ಸಂಗತಿ ಯಾರಿಗೂ ಗೊತ್ತಾಗಲಿಲ್ಲ. ಮದುವೆಯಾಗಿ ಬಂದ ಕೆಲವು ವರ್ಷಕ್ಕೆ ಅವಳ ಎದೆಯಲ್ಲಿ ಆಗಾಗ ಲಾಳಿ ತಪ್ಪಿದ ಹಾಗಾಗತೊಡಗಿತ್ತು. ಅವಸರದ ಒಂದು ಸಣ್ಣ ಪೆಟ್ಟು, ಆಮೇಲೆ ಒಂದು ಖಾಲಿ, ಖಾಲಿಯ ಕೊನೆಗೆ ಗುದ್ದಿದ ಹಾಗೆ ಒಂದು ದಪ್ಪ ಪೆಟ್ಟು. ಒಮ್ಮೆ, ಆಗಿನ್ನೂ ಬದುಕಿದ್ದ ಅತ್ತೆಯ ಮುಂದೆ ಹೇಳಿದ್ದಳು. “ಮಗ್ಗದ ನಡುಕ ಅದು,” ಅಂದಿದ್ದಳು ಅತ್ತೆ. “ದಿನಾ ಮಗ್ಗದ ಮುಂದ ನಿಂತರ ಮೈಯಾಗ ಇಳೀತೈತಿ. ನಮಗೆಲ್ಲಾ ಆಗಿಲ್ಲೇನು?” ಓಣಿಯ ಹೆಂಗಸರೆಲ್ಲ ಹಾಗೇ ಹೇಳಿದರು. ದಾನಮ್ಮ ಮತ್ತೆ ಆ ಮಾತು ಎತ್ತಲಿಲ್ಲ.

ಭುವಿ ಖಾಲಿ ಎಣ್ಣೆ ಡಬ್ಬಿಗಳ ಮೇಲೆ ನೂಲು ಸುತ್ತುವ ಕಂಡಕಿ ಹಿಡಿದು ಬಡಿಯುತ್ತ ಬೆಳೆದಳು. ಅವಳಿಗೆ ಏಳು ವರ್ಷವಾದಾಗ ಮದುವೆ ಬ್ಯಾಂಡಿನವರೊಬ್ಬರು ಹಳೆಯ ಡ್ರಮ್ ಸೆಟ್ಟೊಂದನ್ನು ಮಾರುವವರಿದ್ದರು. ಅಪ್ಪ ಶ್ರೀಶೈಲ ಹೆಚ್ಚು ಯೋಚಿಸದೆ ಅದನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದ. ಹೆಣ್ಣು ಹುಡುಗಿಗೆ ಇದೆಂಥ ಆಟ ಎಂದು ನಕ್ಕವರಲ್ಲಿ ಪಕ್ಕದ ಮನೆಯ ಕಾಶಕ್ಕನೇ ಮೊದಲಿಗಳು. ಆದರೆ ಹಳೆಯ ಸಿನಿಮಾ ಹಾಡೊಂದಕ್ಕೆ ಭುವಿ ಬಾರಿಸಿದ್ದನ್ನು ಮೊಬೈಲಿನಲ್ಲಿ ಹಿಡಿದು, ಆಗ ಎಲ್ಲರ ಬಾಯಲ್ಲಿದ್ದ ‘ಗುಂಗು’ ಎಂಬ ಆ್ಯಪಿಗೆ ಏರಿಸಿದವಳೂ ಅವಳೇ.

ನಾಲ್ಕನೇ ದಿನ ಕಾಶಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದಳು.

“ಏ ದಾನವ್ವಾ, ಹುಡುಗಿ ಡಬ್ಬಿ ಬಡಿಯಾಕತ್ತಾಳಂತ ಬೈತಿದ್ದೆಲ್ಲ, ನೋಡಿಲ್ಲೆ. ಹನ್ನೆರಡು ಸಾವಿರ ಮಂದಿ ನೋಡ್ಯಾರ!”

“ಹನ್ನೆರಡು ಸಾವಿರ ಮಂದಿಗೆ ಮಾಡಾಕ ಕೆಲಸಿಲ್ಲೇನಕ್ಕಾ?”

“ನನಗ ಎಲ್ಲೈತಿ? ಅದರಾಗ ನಾಕೈದು ಸಲ ನಾನೇ ನೋಡೇನಿ,” ಎಂದು ಕಾಶಕ್ಕ ನಕ್ಕಳು. “ನೋಡಿದಾಕಿಗೆ ಮತ್ತ ನೋಡಬೇಕನಸ್ತೈತಿ. ಏನು ಮದ್ದು ಹಾಕಿ ಹಡದೀಯ ಮಾರಾಯ್ತಿ?”

ವರ್ಷ ತುಂಬುವುದರೊಳಗೆ ಭುವಿಯ ಹೆಸರು ಬನಹಟ್ಟಿಯ ಸೀರೆಗಿಂತ ದೂರ ಹೋಯಿತು. ಎಲ್ಲ ವಿಡಿಯೋದಲ್ಲೂ ಒಂದೇ ನೋಟ: ಮಗ್ಗಗಳ ನಡುವಿನ ಇಕ್ಕಟ್ಟಿನಲ್ಲಿ ಡ್ರಮ್‌ಗಳು, ಎರಡು ಜಡೆಯ ಹುಡುಗಿ, ಅವಳ ಬೆನ್ನ ಹಿಂದೆ ಹಲಗೆಯ ಮೇಲೆ ಕೂತ ಯಾರದೋ ಸೀರೆಯ ನೆರಿಗೆ. ಅವ್ವ ಬೆನ್ನಿಗಿಲ್ಲದಿದ್ದರೆ ಭುವಿ ಕೋಲು ಮುಟ್ಟುತ್ತಿರಲಿಲ್ಲ. ದಾನಮ್ಮನ ಮುಖ ಚೌಕಟ್ಟಿನಾಚೆ ಉಳಿಯುತ್ತಿತ್ತು. ಅದು ಯಾರೆಂದು ಯಾರೂ ಕೇಳಲಿಲ್ಲ.

ಜನ ಬರೆಯುತ್ತಿದ್ದುದು ಬೇರೆಯೇ. ಈ ಮಗುವಿನ ಡ್ರಮ್ ಹಚ್ಚದಿದ್ದರೆ ನಮ್ಮ ಅತ್ತೆಗೆ ನಿದ್ದೆ ಬರುವುದಿಲ್ಲ ಎಂದು ಮಂಡ್ಯದವಳೊಬ್ಬಳು ಬರೆದಳು. ಕೂಸು ಇದನ್ನು ಕೇಳಿದರೆ ಮಾತ್ರ ತುತ್ತಿಗೆ ಬಾಯಿ ತೆರೆಯುತ್ತದೆ ಎಂದು ಇನ್ನೊಬ್ಬಳು. ‘ಒಂದು ಕಡೆ ಮೆಟ್ಟಿಲು ತಪ್ಪಿದ ಹಾಗೆ ಎದೆ ಜಾರುತ್ತದಲ್ಲ, ಅದಕ್ಕಾಗಿ ಮತ್ತೆ ಮತ್ತೆ ಹಚ್ಚುತ್ತೇನೆ’ ಎಂದು ಬರೆದವರು ಎಷ್ಟೋ ಮಂದಿ. ಆ ಮಾತನ್ನು ಭುವಿ ಅಕ್ಷರ ಕೂಡಿಸಿ ಓದಿ ಹೇಳಿದಾಗ ದಾನಮ್ಮನ ಕೈಯಲ್ಲಿದ್ದ ದಾರ ಕಡಿಯಿತು. ಯಾಕೆಂದು ಅವಳಿಗೆ ಹೊಳೆಯಲಿಲ್ಲ.

ಗುಂಗಿನ ಪ್ರಯೋಗಾಲಯ ಹುಬ್ಬಳ್ಳಿಯ ಹೊರಗೆ, ಬೈಪಾಸ್ ದಾಟಿದ ಮೇಲೆ ಇತ್ತು. ಕಂಪನಿಯವರು ಕಾರು ಕಳಿಸಿ ಮೂವರನ್ನೂ ಕರೆಸಿಕೊಂಡರು. ಪ್ರಣವ್ ಎಂಬ ಯುವಕ, ಎಲ್ಲ ಮಾತಿಗೂ ಮೊದಲು ಒಂದು ನಗೆ ಇಟ್ಟು ಮಾತಾಡುವವನು, ಅವರನ್ನು ಒಂದು ಕೋಣೆಗೆ ಕರೆದೊಯ್ದ. ಗೋಡೆಗೆಲ್ಲ ಮೆತ್ತೆ ಹೊಡೆದಿದ್ದರು. ಬಾಗಿಲು ಮುಚ್ಚಿದ ಕೂಡಲೇ ದಾನಮ್ಮನಿಗೆ ಕಿವಿ ಕಿತ್ತಿಟ್ಟ ಹಾಗಾಯಿತು. ಅಷ್ಟು ಮೌನವನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆ ಮೌನದಲ್ಲಿ ಎಲ್ಲೋ ಯಾರೋ ಕದ ತಟ್ಟುತ್ತಿದ್ದರು. ಅವಸರದ ಒಂದು ತಟ್ಟು, ಒಂದು ಖಾಲಿ, ಒಂದು ಗುದ್ದು. ಅದು ತನ್ನೊಳಗಿಂದ ಬರುತ್ತಿದೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅಲ್ಲಿಯ ಮುಖ್ಯ ವಿಜ್ಞಾನಿ ಡಾಕ್ಟರ್ ವಸುಧಾ, ದಾನಮ್ಮನದೇ ವಯಸ್ಸಿನ, ಕೂದಲಿಗೆ ಬಣ್ಣ ಹಚ್ಚದ ಹೆಂಗಸು. ಎದೆಯ ಲಯದ ಬಗ್ಗೆ ಓದಿದವಳು. ದಾನಮ್ಮನನ್ನೂ ಶ್ರೀಶೈಲನನ್ನೂ ಆ ಕೋಣೆಯ ಗಾಜಿನ ಕಿಟಕಿಯ ಈಚೆ ತನ್ನ ಪಕ್ಕದಲ್ಲಿ ಕೂರಿಸಿಕೊಂಡಳು. ಎದುರಿನ ಗೋಡೆಯ ತುಂಬ ಸಣ್ಣ ಸಣ್ಣ ಬೆಳಕಿನ ಚುಕ್ಕೆಗಳಿದ್ದವು.

“ಒಂದೊಂದು ಚುಕ್ಕೆಯೂ ಒಬ್ಬೊಬ್ಬ ಮನುಷ್ಯ,” ಎಂದಳು. “ನಾವು ಹಾಕಿದ ಭುವಿಯ ಡ್ರಮ್ಮನ್ನು ಈಗ ಈ ಕ್ಷಣ ಒಟ್ಟಿಗೆ ಕೇಳುತ್ತಿರುವವರು. ಅವರ ಕೈಪಟ್ಟಿ ಅವರ ಎದೆಬಡಿತ ಕಳಿಸುತ್ತಿದೆ.”

ಚುಕ್ಕೆಗಳು ಒಂದೊಂದೂ ತನ್ನ ಪಾಡಿಗೆ ಮಿಣುಕುತ್ತಿದ್ದವು. ನೋಡುತ್ತ ನೋಡುತ್ತ, ಗಾಳಿ ಬೀಸಿದಾಗ ಜೋಳದ ಹೊಲ ಒಂದೇ ಕಡೆ ಬಾಗುವ ಹಾಗೆ, ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಎಲ್ಲ ಒಟ್ಟಿಗೆ ಮಂಕಾದವು. ಒಂದು ಖಾಲಿ. ಆಮೇಲೆ ಒಟ್ಟಿಗೆ ಝಗ್ಗನೆ ಹೊತ್ತಿದವು.

“ತಾಳ ಉಸಿರನ್ನು ಎಳೆಯುತ್ತದೆ, ಉಸಿರು ಎದೆಯನ್ನು ಎಳೆಯುತ್ತದೆ. ಅಲ್ಲಿಯವರೆಗೆ ಹೊಸದೇನಿಲ್ಲ, ಲಾಲಿ ಹಾಡುವವರಿಗೆಲ್ಲ ಗೊತ್ತಿರುವುದೇ. ಆದರೆ ಒಂದು ಹಂತ ದಾಟಿ ಎದೆ ಯಾರ ಮಾತೂ ಕೇಳುವುದಿಲ್ಲ. ಇವಳ ಮಾತು ಕೇಳುತ್ತಿದೆ. ಇವಳು ಪೆಟ್ಟು ತಡೆದರೆ ಅದೂ ತಡೆಯುತ್ತದೆ. ಯಾಕೆ ಅಂತ ನೋಡಬೇಕು.”

ಗಾಜಿನಾಚೆ ಭುವಿ ಒಬ್ಬಳೇ ಬಾರಿಸಿದಳು. ತಪ್ಪಿಲ್ಲದೆ ಬಾರಿಸಿದಳು. ಮದುವೆ ಬ್ಯಾಂಡಿನವರು ಬಾರಿಸುವಷ್ಟು ನೆಟ್ಟಗೆ. ಕೇಳಲು ಏನೂ ಇರಲಿಲ್ಲ.

“ಮಗೂಗೆ ಪ್ರಯಾಣದ ಸುಸ್ತು ಅನ್ಸುತ್ತೆ,” ಎಂದ ಪ್ರಣವ್.

ಭುವಿ ಕೋಲು ಕೆಳಗಿಟ್ಟಳು. “ಅವ್ವ ಬೆನ್ನಿಗೆ ಬೇಕು.”

ದಾನಮ್ಮ ಒಳಗೆ ಹೋಗಿ ಹಿಂದೆ ಕೂತಳು. ಹುಡುಗಿ ಎದೆಗೆ ಒರಗಿ, ಕಣ್ಣು ಮುಚ್ಚಿ, ಏನನ್ನೋ ಹುಡುಕಿ ಸಿಕ್ಕವಳಂತೆ ತಲೆದೂಗಿ ಬಾರಿಸತೊಡಗಿದಳು. ಗಾಜಿನ ಈಚೆ ಇದ್ದವರು ಒಬ್ಬೊಬ್ಬರೇ ಕೈಲಿದ್ದ ಕೆಲಸ ಬಿಟ್ಟು ನಿಂತರು. ವಸುಧಾ ಮಾತ್ರ ಎದ್ದು ಬಂದು ತನ್ನ ಕೈಪಟ್ಟಿ ಬಿಚ್ಚಿ ದಾನಮ್ಮನ ಮಣಿಕಟ್ಟಿಗೆ ಕಟ್ಟಿದಳು.

ಆಮೇಲೆ ಪರದೆಯ ಮೇಲೆ ಎರಡು ಗೆರೆಗಳನ್ನು ತೋರಿಸಿದಳು. ಒಂದು ದಾನಮ್ಮನ ಎದೆಯದು, ಇನ್ನೊಂದು ಭುವಿಯ ಕೋಲಿನದು. ಒಂದರ ಮೇಲೊಂದು ಇಟ್ಟಾಗ ಒಂದೇ ಗೆರೆ ಕಂಡಿತು.

“ಎಷ್ಟು ವರ್ಷದಿಂದ ಹೀಗಾಗುತ್ತಿದೆ?”

“ಅದು ಮಗ್ಗದ ನಡುಕರೀ ಮೇಡಂ. ನಮ್ಮ ಓಣ್ಯಾಗ ಎಲ್ಲಾರಿಗೂ ಇರತೈತಿ.”

ವಸುಧಾ ಮೆತ್ತೆ ಹೊಡೆದ ಆ ಕೋಣೆಯ ಸುತ್ತ ನೋಡಿದಳು. “ಇಲ್ಲಿ ಮಗ್ಗ ಎಲ್ಲಿದೆ ದಾನಮ್ಮ?”

ಎದೆಯಲ್ಲಿ ಒಂದು ಜಾಗ ತನ್ನ ಸರದಿ ಬರುವ ಮೊದಲೇ ಬಡಿಯುತ್ತದೆ, ಅದಕ್ಕೇ ಆಮೇಲೆ ಖಾಲಿ ಬೀಳುತ್ತದೆ ಎಂದು ವಸುಧಾ ವಿವರಿಸಿದಳು. ಬಹಳ ಮಂದಿಗೆ ಅದರಿಂದ ಏನೂ ಆಗುವುದಿಲ್ಲ. ದಾನಮ್ಮನದು ಆ ಹಂತ ಮೀರಿತ್ತು. ತೊಡೆಯ ರಕ್ತನಾಳದಿಂದ ಸಣ್ಣ ತಂತಿ ಏರಿಸಿ ಆ ಜಾಗವನ್ನು ಸುಡಬಹುದು. ಬಿಟ್ಟರೆ ಯಾವುದೋ ಒಂದು ಖಾಲಿಯ ಕೊನೆಗೆ ಪೆಟ್ಟು ಬರದೆ ಹೋಗಬಹುದು.

ಪ್ರಣವ್ ನಕ್ಕು, ಆಮೇಲೆ ಮಾತಾಡಿದ. “ಖಂಡಿತ ಮಾಡಿಸೋಣ ಅಮ್ಮಾ, ಒಳ್ಳೇ ಆಸ್ಪತ್ರೇಲಿ, ನಮ್ಮದೇ ಖರ್ಚು. ದೀಪಾವಳಿಗೆ ಭುವಿದು ದೊಡ್ಡ ನೇರಪ್ರಸಾರ ಇದೆ. ಅದೊಂದು ಮುಗೀಲಿ. ಇಷ್ಟು ವರ್ಷ ಏನೂ ಆಗಿಲ್ಲ ಅಲ್ವಾ?”

ವಸುಧಾ ಪರದೆಯ ಕಡೆ ತಿರುಗಿಕೊಂಡಳು. ಅವಳ ಕೈಬೆರಳು ಮೇಜಿನ ಮೇಲೆ ತಟ್ಟುತ್ತಿತ್ತು. ಅವಸರದ ಒಂದು ತಟ್ಟು, ಒಂದು ಖಾಲಿ, ಒಂದು ಗುದ್ದು.

ಕಾರಿನಲ್ಲಿ ವಾಪಸು ಬರುವಾಗ ಭುವಿ ಒರಗಿ ನಿದ್ದೆ ಹೋದಳು. ಶ್ರೀಶೈಲ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದ.

“ನನಗ ಯಾಕ ಒಮ್ಮೆನೂ ಹೇಳಲಿಲ್ಲ?”

“ನೀವು ಯಾವಾಗ ಕೇಳಿದ್ರಿ?”

ಅವನು ಕೆಟ್ಟವನಲ್ಲ. ಕೇಳುವುದು ಗೊತ್ತಿರದ ಮನೆಯಲ್ಲಿ ಬೆಳೆದವನು. ದಾನಮ್ಮನಿಗೆ ಸಿಟ್ಟಿರಲಿಲ್ಲ. ಅವಳೊಳಗೆ ಬೇರೇನೋ ಏಳುತ್ತಿತ್ತು, ಅದಕ್ಕೆ ಹೆಸರಿಡಲು ಅವಳಿಗೆ ನಾಚಿಕೆ. ಹಡೆದು ಕಳೆದುಕೊಂಡ ಎರಡು ಕೂಸುಗಳ ದುಃಖ, ಅತ್ತೆಯ ಮಾತಿಗೆ ಎದುರಾಡದೆ ನುಂಗಿದ ಉಗುಳು, ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳದಂತೆ ಬಾಯಿಬಿಟ್ಟು ಅತ್ತ ಮಧ್ಯಾಹ್ನಗಳು, ಇವೆಲ್ಲ ಹೋಗಿ ಎಲ್ಲೋ ಕೂತಿದ್ದವು. ಯಾರಿಗೂ ಹೇಳದ್ದನ್ನು ಎದೆ ಮಗಳಿಗೆ ಹೇಳಿತ್ತು. ಮಗಳು ನಾಡಿಗೆಲ್ಲ ಹೇಳಿದ್ದಳು. ಮಂಡ್ಯದ ಯಾವಳೋ ಅತ್ತೆ ತನ್ನ ಎದೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು. ಆ ಚುಕ್ಕೆಗಳ ಹೊಲ ಬಾಗಿದ್ದು ತನಗೆ. ಸಾಯುವ ಕಾಯಿಲೆ ಎಂದು ಹೇಳಿ ಕಳಿಸಿದ ದಿನ ತಾನು ಮನಸ್ಸಿನಲ್ಲೇ ನಗುತ್ತಿದ್ದೇನೆಂದು ತಿಳಿದು ದಾನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದೀಪಾವಳಿಯವರೆಗೆ ಕಾಯೋಣ ಎಂದು ಶ್ರೀಶೈಲ ಹೇಳಿದಾಗ ಅವಳು ಬೇಡ ಎನ್ನಲಿಲ್ಲ.

ನವರಾತ್ರಿ ಕಳೆದ ಮೇಲೆ ಒಂದು ಬೆಳಗ್ಗೆ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತವು. ದಾನಮ್ಮ ಅಂಗಳದಲ್ಲಿ ನೀರು ಚಿಮುಕಿಸುತ್ತಿದ್ದಳು. ಮನೆಮನೆಯ ಒಲೆಯ ಮುಂದೆ ಹೆಂಗಸರು ಜೋಳದ ರೊಟ್ಟಿ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ರೊಟ್ಟಿ ಬಡಿಯುವ ಕೈ ಒಬ್ಬೊಬ್ಬರದು ಒಂದೊಂದು ಬಗೆ. ಕಾಶಕ್ಕನದು ಜಗಳಕ್ಕೆ ನಿಂತ ಹಾಗೆ, ಮೂಲಿಮನೆ ಮುದುಕಿಯದು ಜೋಗುಳದ ಹಾಗೆ. ಕಣ್ಣು ಮುಚ್ಚಿದರೂ ಯಾರ ಮನೆಯ ರೊಟ್ಟಿ ಎಂದು ಹೇಳಬಹುದಿತ್ತು. ಆ ಬೆಳಗ್ಗೆ ಹೇಳಲಾಗಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಕೈ ಬಡಿಯುತ್ತಿತ್ತು. ತಪ್ ತಪ್ ತಪ್, ಅವಸರದ ಒಂದು ತಪ್, ಆಮೇಲೆ ಏನೂ ಇಲ್ಲ. ಓಣಿಗೆ ಓಣಿಯೇ ಉಸಿರು ಹಿಡಿದ ಹಾಗೆ. ಆಮೇಲೆ ಎಲ್ಲ ಒಲೆಗಳ ಮುಂದೆ ಒಟ್ಟಿಗೆ, ಧಪ್.

ಚೆಂಬಿನ ನೀರು ದಾನಮ್ಮನ ಕಾಲ ಮೇಲೆ ಚೆಲ್ಲಿತು. ಎದೆಯೊಳಗೂ ಅದೇ ಹೊತ್ತಿಗೆ ಗುದ್ದಿತು.

ಅವಳು ಕಾಶಕ್ಕನ ಅಡುಗೆಮನೆಗೆ ಹೋದಳು. ಕಾಶಕ್ಕನ ಪಕ್ಕದಲ್ಲಿ ಮೊಬೈಲು ಭುವಿಯನ್ನು ಹಾಡಿಸುತ್ತಿತ್ತು.

“ಅಕ್ಕಾ, ಅದನ್ನ ಸ್ವಲ್ಪ ಬಂದ್ ಮಾಡು.”

“ಯಾಕ, ಮಗಳು ಹೆಸರು ಮಾಡಿದ್ದು ತಡಕೊಳ್ಳಾಕ ಆಗವಲ್ದೇನು?” ಕಾಶಕ್ಕ ತಮಾಷೆ ಮಾಡಿದಳು. ಮುಖ ಮಾತ್ರ ಬೂದಿ ಬಣ್ಣಕ್ಕಿತ್ತು. “ಬಂದ್ ಮಾಡಿದರೂ ಒಳಗ ಹಾಡತಿರತೈತಿ ತಗಿ. ಒಳಗಿಂದಕ್ಕ ಗುಂಡಿ ಎಲ್ಲೈತಿ?”

“ಎದಿ ಜಾರಿದಂಗ ಆಕ್ಕೈತೇನು?”

“ಛಲೋ ಅನಸ್ತೈತಿ. ನಮ್ಮವ್ವ ತೊಟ್ಟಿಲಾ ತೂಗೂದು ನಿಲ್ಲಿಸಿ, ಮತ್ತ ತೂಗಿದಂಗ.”

ಮೂರ್ನಾಲ್ಕು ದಿನಕ್ಕೆ ಕಾಶಕ್ಕ ಒಲೆಯ ಮುಂದೆಯೇ ಹೋದಳು. ಅರ್ಧ ಬಡಿದ ರೊಟ್ಟಿಯ ಮೇಲೆ ಕೈ ಎತ್ತಿ ಹಿಡಿದಿದ್ದಳಂತೆ. “ನಾ ಅಲ್ಲೇ ಇದ್ದೆ ಚಿಗವ್ವಾ,” ಎಂದು ಸೊಸೆ ಶಾಂತಾ ದಾನಮ್ಮನನ್ನು ಹಿಡಿದು ಅತ್ತಳು. “ಬೀಳಲಿಲ್ಲ, ಒದರಲಿಲ್ಲ. ಏನೋ ಬರತೈತಿ ಅಂತ ಕಾಯಾಕತ್ತಂಗ ಕುಂತಿದ್ರು. ಬರಲಿಲ್ಲ.”

ಮಣ್ಣು ಮುಗಿದ ಮರುದಿನ ವಸುಧಾ ಯಾರಿಗೂ ತಿಳಿಸದೆ ಬನಹಟ್ಟಿಗೆ ಬಂದಳು. ಮಾತಾಡಲು ಮಗ್ಗ ನಿಲ್ಲಿಸಬೇಕಾಯಿತು. ಭುವಿ ಶಾಲೆಗೆ ಹೋಗಿದ್ದಳು.

“ಬರೀ ಕೇಳುವಷ್ಟು ಹೊತ್ತು ಹಾಗಾಗುತ್ತದೆ, ಆಮೇಲೆ ಸರಿಹೋಗುತ್ತದೆ ಅಂತ ನಂಬಿದ್ದೆವು,” ಎಂದಳು. “ಕೇಳುವುದನ್ನು ಬಿಟ್ಟವರ ಚುಕ್ಕೆಗಳನ್ನು ನೋಡುತ್ತಿದ್ದೇನೆ. ಅವು ವಾಪಸು ಬಂದಿಲ್ಲ. ಎದೆ ಆ ದಾರಿ ಕಲಿತುಬಿಟ್ಟಿದೆ.”

“ಕಂಪನಿಯವರಿಗೆ ಗೊತ್ತೈತೇನ್ರೀ?” ಶ್ರೀಶೈಲ ಕೇಳಿದ.

“ಗೊತ್ತು. ಜನಕ್ಕೆ ಹಿತವಾಗಿದೆ, ಯಾರೂ ದೂರು ಕೊಟ್ಟಿಲ್ಲ ಎನ್ನುತ್ತಾರೆ. ಬಸ್ಸುಗಳಲ್ಲಿ ಹಾಕುವ ಮಾತು ನಡೆದಿದೆ.” ಅವಳು ತನ್ನ ಕೈಪಟ್ಟಿಯನ್ನು ಅವರ ಕಡೆ ತಿರುಗಿಸಿದಳು. ಅದರ ಮೇಲಿನ ಸಣ್ಣ ಬೆಳಕು ಮಿಣುಕಿ, ತಡೆದು, ಝಗ್ಗೆಂದಿತು. “ಸಾವಿರ ಸಲ ಕೇಳಿದ್ದೇನೆ, ಕೆಲಸವೇ ಅದಲ್ಲವೇ?”

ಇನ್ನೊಂದು ಅಂಗೈಯಿಂದ ಆ ಬೆಳಕು ಮುಚ್ಚಿ ಅವಳು ಮುಂದುವರಿಸಿದಳು.

“ಒಂದೇ ದಾರಿ ಕಾಣುತ್ತದೆ ನನಗೆ. ಜನರ ಎದೆ ಬೇರೆ ಯಾರ ತಾಳವನ್ನೂ ಕೇಳುತ್ತಿಲ್ಲ, ಭುವಿಯದನ್ನು ಕೇಳುತ್ತದೆ. ಅದೇ ಹುಡುಗಿ, ಅದೇ ಕೈ, ನೆಟ್ಟಗಿನ ತಾಳ ಬಾರಿಸಿದರೆ ಅವು ನಿಧಾನಕ್ಕೆ ನೆಟ್ಟಗಾಗಬಹುದು. ಅದಕ್ಕೆ ಮೊದಲು ನಿಮ್ಮ ಎದೆ ನೆಟ್ಟಗಾಗಬೇಕು, ದಾನಮ್ಮ.”

ಶ್ರೀಶೈಲ ಹಣೆ ಉಜ್ಜಿಕೊಂಡ. “ಆಪರೇಶನ್ ಆದಮ್ಯಾಲೆ ಹುಡುಗಿಗೆ ಬಾರಿಸಾಕ ಬರಲಿಲ್ಲಂದ್ರ?”

“ಬರಲಿಲ್ಲಂದ್ರ ಸಾಲಿ ಕಲೀತಾಳ,” ಎಂದಳು ದಾನಮ್ಮ.

ಹಾಗೆ ಹೇಳುವಾಗ ಅವಳ ಮನಸ್ಸಿನಲ್ಲಿದ್ದುದು ಡ್ರಮ್ ಅಲ್ಲ. ಒಂಬತ್ತು ವರ್ಷ ತನ್ನೆದೆಗೆ ಹಚ್ಚಿದ ಆ ಸಣ್ಣ ಬೆನ್ನು. ಅದು ಒರಗುತ್ತಿದ್ದುದು ತನಗೋ, ತನ್ನೊಳಗಿನ ಆ ತಪ್ಪಿಗೋ? ಕಾಶಕ್ಕ ರೊಟ್ಟಿಯ ಮೇಲೆ ಎತ್ತಿ ಹಿಡಿದ ಕೈ ಕಣ್ಣ ಮುಂದೆ ಬಂತು. “ಯಾವತ್ತು ಹೋಗೂಣ್ರೀ?” ಎಂದು ಕೇಳಿದಳು.

ಆಸ್ಪತ್ರೆಯ ಮಂಚದ ಮೇಲೆ ಎಚ್ಚರವಾದಾಗ ಎದೆಯೊಳಗೆ ಕದ ತಟ್ಟುವವರು ಯಾರೂ ಇರಲಿಲ್ಲ. ಎದೆ ಬಡಿಯುತ್ತಿತ್ತು, ಒಂದಾದ ಮೇಲೆ ಒಂದು, ಬೇರೆ ಯಾರದೋ ಮನೆಯ ಗಡಿಯಾರದ ಹಾಗೆ. ಅವಳು ಅಂಗೈಯಿಟ್ಟು ಬಹಳ ಹೊತ್ತು ಕಾದಳು. ಖಾಲಿ ಬರಲಿಲ್ಲ. ಮಂಚದ ಪಕ್ಕ ನಿಂತಿದ್ದ ವಸುಧಾ ಕಣ್ಣೊರೆಸಿಕೊಂಡು ನಕ್ಕಳು. “ಮೂಲ ಸರಿಹೋಯಿತು. ಒಂದು ಮಾತು. ಭುವಿಯ ಹಳೆಯ ವಿಡಿಯೋ ಮಾತ್ರ ಕೇಳಬೇಡಿ. ಸುಟ್ಟ ಗಾಯ ಇನ್ನೂ ಹಸಿ. ನಿಮ್ಮ ಎದೆ ಎಲ್ಲರಿಗಿಂತ ಬೇಗ ಕಲಿತುಬಿಡುತ್ತದೆ. ಎರಡನೇ ಸಲ ಸುಡಲು ಆಗುವುದಿಲ್ಲ.”

ಮನೆಗೆ ಬಂದ ಕೂಡಲೇ ಭುವಿ ಓಡಿಬಂದು ತಿರುಗಿ ಅವಳ ಎದೆಗೆ ಬೆನ್ನು ಹಚ್ಚಿದಳು. ಕತ್ತು ತಿರುಗಿಸಿ ಮುಖ ನೋಡಿದಳು. ಮತ್ತೆ ಒರಗಿದಳು.

“ಅವ್ವಾ, ಎಲ್ಲದಿ?”

“ಇಲ್ಲೇ ಅದೀನಲ್ಲ ತಂಗಿ, ನಿನ್ನ ಬೆನ್ನಿಗೆ.”

“ಇಲ್ಲ,” ಎಂದಳು ಭುವಿ. ಹಟವಿಲ್ಲ, ಅಳುವಿಲ್ಲ. ಖಾಲಿ ಪಾತ್ರೆಯಲ್ಲಿ ಇಣುಕಿ ಹೇಳಿದ ಹಾಗೆ.

ಆದರೂ ಅವ್ವ ಕೇಳಿಕೊಂಡಳೆಂದು ಬಾರಿಸಿದಳು. ನೆಟ್ಟಗೆ ಬಾರಿಸಿದಳು. ವಸುಧಾ ಆ ವಿಡಿಯೋಗಳನ್ನು ತಾನೇ ಮುಂದೆ ನಿಂತು ಎಲ್ಲ ಕಡೆ ಹರಡಿದಳು. ವಾರ ಕಳೆದ ಮೇಲೆ ಫೋನ್ ಮಾಡಿದಾಗ ಅವಳ ದನಿಯಲ್ಲಿ ಜೀವವಿತ್ತು. “ಕೆಲವು ಚುಕ್ಕೆ ತಿರುಗುತ್ತಿವೆ ದಾನಮ್ಮ. ಬಹಳ ಇಲ್ಲ. ಗೋಡೆಯ ಒಂದು ಮೂಲೆಯಲ್ಲಿ. ಇನ್ನೊಂದಿಷ್ಟು ಬಾರಿಸಲಿ.” ದಾನಮ್ಮ ಆ ರಾತ್ರಿ ಹೋಳಿಗೆ ಮಾಡಿದಳು. ಭುವಿ ಗೋಡೆಗೆ ಬೆನ್ನು ಹಚ್ಚಿ ಕೂತು ತಿಂದಳು. ಮಗ್ಗದ ಹಲಗೆಗೆ, ಬಾಗಿಲ ಚೌಕಟ್ಟಿಗೆ, ಕಂಬಕ್ಕೆ, ಹುಡುಗಿ ಈಗ ಎಲ್ಲದಕ್ಕೂ ಬೆನ್ನು ಹಚ್ಚಿ ನೋಡುತ್ತಿದ್ದಳು. ತಾಯಿಯನ್ನು ಬಿಟ್ಟು.

ದೀಪಾವಳಿ ಹತ್ತಿರ ಬಂದಿತ್ತು. ಒಂದು ಸಂಜೆ ದಾನಮ್ಮ ಸಂತೆಯಿಂದ ಹಣತೆ, ಚುರುಮುರಿ ಕಟ್ಟಿಸಿಕೊಂಡು ಬರುತ್ತಿದ್ದಳು. ಓಣಿಯ ತಿರುವಿನಲ್ಲಿ ಕಾಲು ನಿಂತಿತು. ಮಗ್ಗದ ಸದ್ದು ಇರಲಿಲ್ಲ. ಓಣಿಯ ಒಂದೂ ಮಗ್ಗ ಓಡುತ್ತಿರಲಿಲ್ಲ. ಅವಳ ಮನೆಯಿಂದ ಡ್ರಮ್ಮಿನ ಸದ್ದು ಬರುತ್ತಿತ್ತು. ಅವಸರದ ಒಂದು ಪೆಟ್ಟು. ಖಾಲಿ. ಗುದ್ದು.

ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಭುವಿ ಕಣ್ಣು ಮುಚ್ಚಿ, ಬೆವೆತು, ಹಬ್ಬದ ಮುಖ ಹೊತ್ತು ಬಾರಿಸುತ್ತಿದ್ದಳು. ಅವಳ ಬೆನ್ನಿಗೆ, ದಾನಮ್ಮ ಕೂರುತ್ತಿದ್ದ ಹಲಗೆಯ ಮೇಲೆ, ಶ್ರೀಶೈಲ ಕೂತಿದ್ದ. ಅವನ ಮುಖ ಬೂದಿ ಬಣ್ಣಕ್ಕಿತ್ತು, ತುಟಿಯ ಮೇಲೆ ಒಂದು ನಗೆ. ಅವನ ಕೈಪಟ್ಟಿ ಮೊಳೆಗೇ ನೇತಾಡುತ್ತಿತ್ತು. ಕಾಶಕ್ಕ ಹಿಡಿದ ಮೊದಲನೆಯದನ್ನು ಬಿಟ್ಟರೆ, ಎರಡು ವರ್ಷ ಪ್ರತಿಯೊಂದು ವಿಡಿಯೋವನ್ನೂ ಎದುರು ಕೂತು ಹಿಡಿದವನು ಅವನೇ. ಅವನ ಎದೆಯನ್ನು ಯಾರೂ ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಅವನ ಪಕ್ಕದಲ್ಲಿ ಶಾಂತಾ, ಮೂಲಿಮನೆ ಮುದುಕಿ, ಓಣಿಯ ಹೆಂಗಸರು ಗಂಡಸರು, ನೆಲದ ಮೇಲೆ ಕಂಬಗಳಿಗೆ ಒರಗಿ.

ಭುವಿ ಕಣ್ಣು ತೆರೆದು ತಾಯಿಯನ್ನು ಕಂಡಳು.

“ಅವ್ವಾ, ಸಿಕ್ಕತು! ಅಪ್ಪನ ಎದ್ಯಾಗ ಐತಿ. ಶಾಂತಕ್ಕನ ಹಂತೇಕೂ ಐತಿ, ಮೂಲಿಮನಿ ಆಯಿ ಹಂತೇಕೂ ಐತಿ, ಎಲ್ಲಾರಿಗೂ ಬೆನ್ನು ಹಚ್ಚಿ ನೋಡಿದೆ.” ಆಮೇಲೆ, ತಾಯಿಗೆ ನೋವಾದೀತೆಂದು ಮೆಲ್ಲಗೆ, “ನಿನ್ನ ಹಂತೇಕ ಅಷ್ಟ ಇಲ್ಲವ್ವಾ.”

ಶ್ರೀಶೈಲನ ಮೊಬೈಲು ಮಗ್ಗದ ಚೌಕಟ್ಟಿಗೆ ಆನಿಸಿ ನಿಂತಿತ್ತು. ಅದರ ಪರದೆಯ ಮೂಲೆಯಲ್ಲಿ ನೇರಪ್ರಸಾರದ ಕೆಂಪು ಚುಕ್ಕೆ. ಅದರ ಪಕ್ಕದ ಸಂಖ್ಯೆ ಏರುತ್ತಲೇ ಇತ್ತು. ದಾನಮ್ಮನ ಕೈಚೀಲದಲ್ಲಿ ಅವಳ ಫೋನು ಒದರಾಡತೊಡಗಿತು. ವಸುಧಾ ಎಂದು ನೋಡದೆಯೇ ತಿಳಿಯಿತು. ಆ ಗೋಡೆಯ ಮೂಲೆಯಲ್ಲಿ ತಿರುಗಿದ್ದ ಚುಕ್ಕೆಗಳು ಮತ್ತೆ ಬಾಗಿರಬೇಕು.

ಮೂರು ಹೆಜ್ಜೆ ಇಟ್ಟರೆ ಕೋಲುಗಳನ್ನು ಕಿತ್ತುಕೊಳ್ಳಬಹುದಿತ್ತು. ಮೊಬೈಲನ್ನು ನೆಲಕ್ಕೆ ಕೆಡವಬಹುದಿತ್ತು. ಗಂಡನ ಬೂದಿ ಮುಖವನ್ನು ನೋಡಿದಳು. ಅವಳಿಗೆ ಎಲ್ಲವೂ ಗೊತ್ತಿತ್ತು. ಈ ಮನೆಯಲ್ಲಿ, ಈ ಓಣಿಯಲ್ಲಿ ಗೊತ್ತಿದ್ದ ಇನ್ನೊಬ್ಬ ಅವನೇ, ಅವನು ಆಗಲೇ ಆ ತಾಳದೊಳಗಿದ್ದ. ನೆಟ್ಟಗೆ ಬಡಿಯುವ ಎದೆ ಅವಳೊಬ್ಬಳದೇ.

ಭುವಿ ಮತ್ತೆ ಅಪ್ಪನ ಎದೆಗೆ ಒರಗಿ ಕೋಲೆತ್ತಿದಳು. ಆ ಸಣ್ಣ ಬೆನ್ನು ಅಲ್ಲಿ ಆರಾಮವಾಗಿ ಕೂತಿತು, ತನ್ನ ಮನೆಗೆ ಬಂದ ಹಾಗೆ.

ದಾನಮ್ಮ ಕೈಚೀಲದೊಳಗೆ ಬೆರಳಾಡಿಸಿ ಫೋನಿನ ಬಾಯಿ ಮುಚ್ಚಿಸಿದಳು. ಹಿಂದೆ ತಿರುಗಿ ಬಾಗಿಲು ಹಾಕಿದಳು. ಶಾಂತಾ ಸರಿದು ಜಾಗ ಬಿಟ್ಟಳು. ಮಗಳ ಎದುರಿಗೇ, ಡ್ರಮ್ಮಿನ ನಡುಕ ನೆಲದಿಂದ ಮೈಗೇರುವಷ್ಟು ಹತ್ತಿರ, ಅವಳು ಚಕ್ಕಳಮಕ್ಕಳ ಹಾಕಿ ಕೂತಳು. ಹಣತೆಗಳ ಪೊಟ್ಟಣ ಪಕ್ಕಕ್ಕಿಟ್ಟು, ಬಲ ಅಂಗೈಯನ್ನು ಎದೆಯ ಮೇಲೆ ಇಟ್ಟುಕೊಂಡಳು.

ಅವಸರದ ಪೆಟ್ಟು ಬಂತು. ಓಣಿಯೆಲ್ಲ ಉಸಿರು ಹಿಡಿಯಿತು. ಅಂಗೈಯ ಕೆಳಗೆ ಎದೆ ನಿಲ್ಲದೆ ಬಡಿದು ಮುಂದೆ ಹೋಯಿತು.

ಇರಲಿ, ಇನ್ನೊಂದು ಸಲ ಎಂದು ದಾನಮ್ಮ ಕಣ್ಣು ಮುಚ್ಚಿದಳು.